ಇನ್ನೊಂದು ಸುತ್ತು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ನಮ್ಮ ಪಕ್ಕದ ಮನೆಯ ಲೇತ್ ಮಾವನಿಗೆ ಆದದ್ದು. ಲೇತ್ ಮಷಿನ್ನಿನ ಕೆಲಸ, ಅದಕ್ಕೇ ಆ ಹೆಸರು.

ಅವನಿಗೊಂದು ಹುಚ್ಚು. ಹಳೇ ಕಾಲದ ರೇಸ್ ಕಾರಿನ ಮೊಳದುದ್ದದ ಮಾದರಿ, ಹೊಟ್ಟೆಯೊಳಗೆ ನಿಜವಾದ ಪೆಟ್ರೋಲ್ ಇಂಜಿನ್ನು. ಹಾಳುಬಾವಿಯ ಪಕ್ಕದ ಸಿಮೆಂಟ್ ಅಂಗಳದ ನಡುವೆ ಕಂಬ, ಕಂಬದ ತಲೆಗೆ ತಂತಿ, ತಂತಿಯ ತುದಿಗೆ ಕಾರು. ಹೊರಟಿತೋ, ಸುತ್ತಿದ್ದೇ ಸುತ್ತಿದ್ದು. ಮಾವ ಕಂಬದ ಬುಡದಲ್ಲಿ. ಆಚೆ ಹೋದಷ್ಟೂ ತಂತಿ ತಗ್ಗು, ಸುತ್ತುವಾಗ ಕಾಲಿಟ್ಟರೆ ಕಾಲೇ ಹೋಗುತ್ತದೆ. ನಿಲ್ಲಿಸುವುದು ಅತ್ತೆ. ಅಂಚಿನಲ್ಲಿ ನಿಂತು ಪೊರಕೆ ಚಾಚಿ, ಕಾರಿನ ನೆತ್ತಿಯ ಮೇಲಿನ ಸಣ್ಣ ಕಡ್ಡಿಯನ್ನು ಬೀಳಿಸಿದರೆ ಪೆಟ್ರೋಲ್ ಬಂದ್. ಪ್ರತಿ ಸಲ ಕೇಳುವಳು, "ನಿಲ್ಸ್ಲಾ ರೀ?" ಪ್ರತಿ ಸಲ ಇವನದು ಅದೇ ರಾಗ, "ಇನ್ನೊಂದು ಸುತ್ತು ಕಣೇ."

ಅತ್ತೆ ಹೋಗಿಬಿಟ್ಟಳು. ಇವನು ಆಸ್ಪತ್ರೆಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಾವ ಟ್ಯಾಂಕು ಒಣಗಿಸಿ, ಕಾರನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದ. "ಹೋಗ್ತೀನಿ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದು ಗೋಡೆಯ ಜೊತೆ ಜಗಳ. ನಮ್ಮ ಮನೆಯವರೆಗೂ ಕೇಳಿಸುತ್ತಿತ್ತು.

ಕೆಲವು ತಿಂಗಳಾದ ಮೇಲೆ ಒಂದು ರಾತ್ರಿ ಕೆಲಸ ಮುಗಿಸಿ ಬಾವಿಯ ದಾರಿಯಲ್ಲಿ ಬರುತ್ತಿದ್ದ. ಡುರ್... ಡುರ್... ಆಮೇಲೆ ಜುಂಯ್ಯ್... ಅವನದೇ ಇಂಜಿನ್ನು! ತಾಯಿಗೆ ಮಗುವಿನ ಅಳು ತಿಳಿಯದೇ? ಓಡಿ ಕಂಬದ ಬುಡಕ್ಕೇ ಹೋಗಿ ನಿಂತ. ಹಳೇ ಅಭ್ಯಾಸ. ಕಂಬ ಗಿರ್ರನೆ ತಿರುಗಿತು... ತಲೆಯ ಮೇಲೆ ತಂತಿ ಸುಯ್ಯ್, ಸುಯ್ಯ್... ಕಾರು ಕಾಣಿಸದು. ಇನ್ನು ಆಚೆ ಬರುವ ಹಾಗಿಲ್ಲ.

ಕತ್ತಲ ಅಂಚಿನಿಂದ ಪಿಸುದನಿ...

"ನಿಲ್ಸ್ಲಾ ರೀ?"

ಮಾವ ದನಿ ಬಂದತ್ತ ತಿರುಗಿದ. "ನಿಲ್ಸಿದ್ರೆ... ಹೋಗ್ಬಿಡ್ತೀಯಾ?"

"ಹೂಂ."

"ಹಾಗಾದ್ರೆ ಇನ್ನೊಂದು ಸುತ್ತು ಕಣೇ."

ಜುಂಯ್ಯ್... ಅವಳು ಮತ್ತೆ ಕೇಳಿದಳು. ಇವನು ಮತ್ತೆ ಅದನ್ನೇ ಹೇಳಿದ. ಎಷ್ಟು ಸಲವೋ! ನಿಂತಲ್ಲೇ ಅಳುತ್ತಿದ್ದ.

ಕೊನೆಗೆ ಅವಳೆಂದಳು, "ಪೊರಕೆ ಹಿಡಿದು ಕೈ ಸೋತಿದೆ ರೀ..."

ಅದನ್ನು ಕೇಳಿ ಅವನಿಗೆ ತಡೆಯಲಾಗಲಿಲ್ಲ.

"ಸಾಕು," ಎಂದ. "ನಿಲ್ಸು."

ಟಪ್.

ಆಮೇಲೆ ಜೀರುಂಡೆಯ ಸದ್ದೂ ಇಲ್ಲ...

ನಮ್ಮ ಬಾಗಿಲು ಬಡಿದ. ಪೆಟ್ಟಿಗೆಯನ್ನು ಒಬ್ಬನೇ ತೆರೆಯುವ ಧೈರ್ಯ ಅವನಿಗಿರಲಿಲ್ಲ. ಬೀಗ ಹಾಕಿದ ಹಾಗೇ ಇತ್ತು, ಮೇಲೆ ಧೂಳು. ನಾನೇ ತೆಗೆದೆ. ಇಂಜಿನ್ನು ಮುಟ್ಟಿದೆ, ಬೆರಳು ಸುಟ್ಟಿತು. ಸುಳ್ಳಲ್ಲ, ಈ ಕೈಯಾಣೆ.

ನೆತ್ತಿಯ ಮೇಲಿನ ಕಡ್ಡಿ ಬಿದ್ದಿತ್ತು. ಅದರ ಸಂದಿಯಲ್ಲಿ ಒಂದು ಪೊರಕೆ ಕಡ್ಡಿ ಸಿಕ್ಕಿಕೊಂಡಿತ್ತು.