ಜಗ್ಗಿನ ಮೇಲೆ ಎರಡೇಟು

ಬಂದಿರುವ ಹಿರಿಯರಿಗೆ, ದಿನಾ ಬರುವ ಗಿರಾಕಿಗಳಿಗೆ, ಮುಂದಿನ ಸಾಲಿನಲ್ಲಿ ಕೂತಿರುವ ದೊಡ್ಡಣ್ಣನ ಹೆಂಡತಿ, ನಮ್ಮ ಅತ್ತಿಗೆಗೆ, ಪಕ್ಕದಲ್ಲಿರುವ ಅವರ ತಮ್ಮನವರಿಗೆ — ಕೈಮುಗಿದೆ.

ನನ್ನನ್ನು ಎಲ್ಲರೂ ಮಾವ ಅಂತಾರೆ. ಈ ಹೋಟೆಲಿನ ಅಡುಗೆಮನೆ ನನ್ನದು. ನಾನು ಈರುಳ್ಳಿ ಹುರಿದ ವಾಸನೆಗೆ ಮೇಲೆ ಹೋಗುತ್ತಿದ್ದ ವಿಮಾನ ದಾರಿ ತಪ್ಪಿ, ಈ ಬೀದಿಯ ಮೇಲೆ ಸುತ್ತು ಹಾಕಿ ಹೋಗಿದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಹುಟ್ಟಿದಾಗಿನಿಂದ ಒಂದೇ ಒಂದು ಪಂದ್ಯ ಕಟ್ಟಿ ಸೋತವನಲ್ಲ ನಾನು. — ನಗಬೇಡಿ, ದುಃಖದ ಸಭೆ ಇದು. ಸರಿ, ನಗಿ. ದೊಡ್ಡಣ್ಣ ಇದ್ದಿದ್ದರೆ ಮೊದಲು ನಗುತ್ತಿದ್ದವನು ಅವನೇ. "ಮಾವ, ವಿಮಾನ ಹೋದ ಸಲ ಬಸ್ಸಾಗಿತ್ತಲ್ಲ?" ಅನ್ನುತ್ತಿದ್ದ.

"ಅವರು" ಅನ್ನಬೇಕು, ಗೊತ್ತು. ಬಾಯಿಗೆ ಬರುತ್ತಿಲ್ಲ. ಬಿಡಿ.

ನನಗೆ ಬೆಳಗಿನಿಂದ ಒಂದು ಕಡೆ ನಿಲ್ಲಲಾಗುತ್ತಿಲ್ಲ. ಯಾಕೆ ಅಂತ ಹೇಳಿಬಿಡುತ್ತೇನೆ. ನನ್ನ ಬೆನ್ನ ಹಿಂದಿನ ಆ ಬ್ಯಾನರ್ ನೋಡಿ — "ಹಿರಿಯ ಹೋಟೆಲ್ ವ್ಯವಸ್ಥಾಪಕರು". ಯಾರಪ್ಪಾ ಅದು? ನಮ್ಮ ದೊಡ್ಡಣ್ಣ ಸಪ್ಲೈಯರ್. ಬಡಿಸುವವನು, ಎಂಜಲು ತಟ್ಟೆ ಎತ್ತುವವನು, ಟೇಬಲ್ ಒರೆಸುವವನು. ತಲೆ ಬೆಳ್ಳಗಾಗುವ ತನಕ ಅದನ್ನೇ ಮಾಡಿದ. ಅದರಲ್ಲಿರುವ ಫೋಟೋ ಇದೇ ಹಾಲಿನಲ್ಲಿ ತೆಗೆದದ್ದು, ಹೆಗಲ ಮೇಲೆ ಟವೆಲ್ ಇತ್ತು. ಈಗ ಇಲ್ಲ. ಹೆಗಲ ಸಮೇತ ಕತ್ತರಿಸಿಬಿಟ್ಟಿದ್ದಾರೆ. ಟವೆಲ್ ಇಲ್ಲದ ದೊಡ್ಡಣ್ಣನನ್ನು ನಾನು ನೋಡುತ್ತಿರುವುದು ಇವತ್ತೇ.

ಅತ್ತಿಗೆಯ ತಮ್ಮನವರ ಮೇಲೆ ನನಗೆ ಸಿಟ್ಟಿಲ್ಲ. ಅಕ್ಕನ ಮೇಲಿನ ಪ್ರೀತಿಯಿಂದಲೇ ಮಾಡಿದ್ದಾರೆ. "ಮಾವ, ಬರೋರೆಲ್ಲ ದೊಡ್ಡ ಜನ, ಸಪ್ಲೈಯರ್ ಅಂತ ಹಾಕಿದ್ರೆ ಅಕ್ಕನಿಗೆ ಚೆನ್ನಾಗಿರಲ್ಲ" ಅಂದರು. ಆಗಲಿ ಅಂದೆ. ಆಮೇಲೆ ಇನ್ನೊಂದು ಹೇಳಿದರು. "ಸಂಜೆ ಕೆಲಸದ ಆ ಕಾಲೇಜು ಮಕ್ಕಳು ಅಡುಗೆಮನೇಲೇ ಇರ್ಲಿ. ಅವರ ಮಾನಾನೂ ಉಳಿಯುತ್ತೆ, ನಮ್ಮದೂ ಉಳಿಯುತ್ತೆ." ಆಗ ಶುರುವಾಯಿತು ನೋಡಿ, ನನ್ನ ಕಾಲಿನ ಈ ತುರಿಕೆ.

ಆ ಮಕ್ಕಳು ಈಗಲೂ ಅಲ್ಲೇ ಇದ್ದಾರೆ — ಆ ಬಾಗಿಲ ಹಿಂದೆ.

ದೊಡ್ಡಣ್ಣ ಆ ಮಕ್ಕಳಿಗೋಸ್ಕರ ಒಂದು ಪದ್ಧತಿ ಇಟ್ಟಿದ್ದ. ನೀವೆಲ್ಲ ಇಲ್ಲಿ ಉಂಡಿದ್ದೀರಿ, ಕೇಳಿಯೂ ಇದ್ದೀರಿ, ಏನು ಅಂತ ಗೊತ್ತಾಗಿಲ್ಲ ಅಷ್ಟೆ. ಹೊರಗೆ ಯಾವನಾದರೂ ಕ್ಲಾಸಿನ ಹುಡುಗ, ಮೇಷ್ಟ್ರು, ನೆಂಟರು ಬರುವುದು ಕಂಡರೆ ದೊಡ್ಡಣ್ಣ ನೀರಿನ ಜಗ್ಗಿನ ಮೇಲೆ ಚಮಚದಿಂದ ಹೀಗೆ — ಟಣ್, ಟಣ್. ಎರಡೇಟು. ಮಕ್ಕಳು ಒಳಗೆ ಮಾಯ. ಅವರ ಟೇಬಲ್ಲನ್ನೂ ಇವನೇ ನೋಡಿಕೊಳ್ಳುತ್ತಿದ್ದ. ಬಂದವರು ಹೋದ ಮೇಲೆ ಒಂದೇಟು — ಟಣ್. ಮತ್ತೆ ಹೊರಗೆ.

ಒಂದು ಸಂಜೆ ನಾನು ಸೌಟಿಗೆ ಮೆತ್ತಿಕೊಂಡಿದ್ದನ್ನು ಉದುರಿಸೋಣ ಅಂತ ಪಾತ್ರೆಯ ಅಂಚಿಗೆ ಟಣ್ ಟಣ್ ಬಡಿದೆ. ಅಷ್ಟೇ! ಹಾಲ್ ಖಾಲಿ. ಒಬ್ಬ ಗಿರಾಕಿಯ ಲೋಟಕ್ಕೆ ನೀರು ಅರ್ಧ ಬಿದ್ದಿದೆ, ಸುರಿಯುತ್ತಿದ್ದ ಹುಡುಗ ಜಗ್ಗಿನ ಸಮೇತ ನನ್ನ ಒಲೆಯ ಹಿಂದೆ ಬಗ್ಗಿ ಕೂತಿದ್ದಾನೆ! "ಯಾರು ಬಂದ್ರು ಮಾವ?" ಅಂತ ಪಿಸುಗುಡುತ್ತಾನೆ. "ನಿನ್ನಜ್ಜ ಬಂದ, ಏಳೋ" ಅಂದೆ.

ನಕ್ಕೆವು ಅವತ್ತು. ಆದರೆ ಹೆದರಿಕೆ ಸುಳ್ಳಲ್ಲ. ಕಾಲೇಜಿನಲ್ಲಿ ತಿಳಿದರೆ "ಏಯ್ ಸಪ್ಲೈಯರ್, ಎರಡು ಟೀ" ಅನ್ನೋದು ಶುರುವಾಗುತ್ತೆ. ಮನೆಯಲ್ಲಿ ತಿಳಿದರೆ ಕೆಲಸ ಬಂದ್. ಕೆಲಸ ಬಂದ್ ಆದರೆ ಫೀಸಿಲ್ಲ, ಕಾಲೇಜೂ ಬಂದ್.

ಅವರಲ್ಲಿ ಒಬ್ಬಳು ಕಾನೂನು ಓದುತ್ತಾಳೆ. ನಾವು ವಕೀಲಮ್ಮ ಅಂತೀವಿ. ಉಪ್ಪು ಜಾಸ್ತಿ ಅಂದ ಗಿರಾಕಿಯ ಹತ್ತಿರವೇ ಸಾಕ್ಷಿ ಕೇಳುವ ಹುಡುಗಿ. ಅವಳ ತಂದೆ ಇಲ್ಲಿಗೆ ಸಂಜೆ ಟೀಗೆ ಬರುವವರು. ಮಗಳು ಲೈಬ್ರರಿಯಲ್ಲಿದ್ದಾಳೆ, ಫೀಸು ಸ್ಕಾಲರ್‌ಶಿಪ್ಪಿನದು ಅಂತ ಅವರ ಲೆಕ್ಕ. ಅವರು ಕುಡಿದಿಟ್ಟ ಲೋಟವನ್ನು ಅವಳೇ ತೊಳೆದಿದ್ದಾಳೆ, ಗೋಡೆಯ ಆಚೆ ನಿಂತು. ಯಾರು ಅಂತ ನಾನು ಹೇಳುವುದಿಲ್ಲ. ಅದು ನನ್ನ ಬಾಯಿಂದ ಬರಬೇಕಾದ ಮಾತಲ್ಲ.

ಹೋದ ತಿಂಗಳು ಅವಳ ಕ್ಲಾಸಿನ ಹುಡುಗರು ಬಂದರು. ಟಣ್ ಟಣ್ ಆಯಿತು, ಅವಳು ಒಳಗೆ ಬಂದಳು. ಹೊರಗೆ ಅವರಲ್ಲೊಬ್ಬ, ದೊಡ್ಡಣ್ಣನಿಗೆ ಕೇಳುವ ಹಾಗೇ ಅಂದ, "ನೋಡ್ರೋ, ಓದದಿದ್ರೆ ಈ ವಯಸ್ಸಲ್ಲೂ ತಟ್ಟೆ ಎತ್ತಬೇಕು." ಎಲ್ಲರೂ ನಕ್ಕರು. ವಕೀಲಮ್ಮ ಬಾಗಿಲ ಚಿಲಕ ಹಿಡಿದುಕೊಂಡಿದ್ದಳು. ಹೊರಗೂ ಹೋಗಲಿಲ್ಲ, ಚಿಲಕವನ್ನೂ ಬಿಡಲಿಲ್ಲ.

ದೊಡ್ಡಣ್ಣ ತಟ್ಟೆ ತಂದು ತೊಟ್ಟಿಗೆ ಹಾಕಿದ. ಅವಳು ಕಣ್ಣು ಕೆಂಪಗೆ ಮಾಡಿಕೊಂಡು, "ದೊಡ್ಡಣ್ಣ, ತಪ್ಪಾಯ್ತು" ಅಂದಳು. "ನೀನೇನೇ ಮಾಡ್ದೆ?" ಅಂದ ಅವನು. ಆಮೇಲೆ ನನ್ನ ಪಕ್ಕ ಬಂದು ನಿಂತು, "ಮಾವ, ಇಷ್ಟು ವರ್ಷ ನಾನು ಬಚ್ಚಿಟ್ಟಿದ್ದು ಈ ಮಕ್ಕಳನ್ನೋ, ನನ್ನ ಕೆಲಸಾನೋ?" ಅಂದ.

ನಾನು ಒಲೆಯ ಉರಿ ಏರಿಸಿದೆ. "ಹಸಿದವರು ಕಾಯ್ತಿದಾರೆ, ಹೋಗು" ಅಂದುಬಿಟ್ಟೆ.

ಹೋಗಲಿಲ್ಲ. "ಇವಳು ಒಂದು ದಿನ ಯಾರೂ ಚಮಚ ಬಡಿಯದೇನೇ ಹೊರಗೆ ಬರ್ತಾಳೆ ನೋಡು, ಅವರಪ್ಪನ ಮುಂದೆ" ಅಂದ. "ಬಂದ್ರೆ ನನ್ನ ಮೀಸೆ ಬೋಳಿಸ್ಕೋತೀನಿ" ಅಂದೆ. "ನಿನ್ನ ಮೀಸೆ ಯಾರಿಗೆ ಬೇಕು, ದುಡ್ಡು ಕಟ್ಟು" ಅಂದ. ಕಟ್ಟಿದೆ. ಒಂದು ತಿಂಗಳ ಸಂಬಳ ಕಟ್ಟಿದ್ದೀನಿ ಅಂತ ಊರೆಲ್ಲ ಹೇಳಿಕೊಂಡೂ ತಿರುಗಿದೆ.

ಕಳೆದ ವಾರ ನೀರಿನ ಕ್ಯಾನ್ ಹೊತ್ತು ಮೆಟ್ಟಿಲು ಹತ್ತುತ್ತಿದ್ದವನು — ಅಲ್ಲೇ ಕೂತ. ಕೂತವನು ಏಳಲಿಲ್ಲ. ಟವೆಲ್ ಹೆಗಲ ಮೇಲೇ ಇತ್ತು, ಅತ್ತಿಗೆ.

ಅವನ ಚಮಚ ನನ್ನ ಜೇಬಿನಲ್ಲಿದೆ. ಇದೇ. ಜಗ್ಗು ಇಲ್ಲೇ ಮೈಕಿನ ಪಕ್ಕದಲ್ಲಿದೆ, ನಾನೇ ತಂದಿಟ್ಟಿದ್ದು. ತಮ್ಮನವರೇ, ಕ್ಷಮಿಸಿ. ಅವನು ಬೆಳೆಸಿದ ಮಕ್ಕಳು ಒಳಗಿರುವಾಗ ಅವನಿಗೆ ಒಂದು ನಿಮಿಷದ ಮೌನ ಆಚರಿಸಲು ನನ್ನಿಂದಾಗದು. ನಾನೀಗ ಒಂದೇಟು ಬಡಿಯುತ್ತೇನೆ. ಬರುವವರು ಬರಲಿ, ಬಾರದವರ ಮೇಲೆ ನನಗೆ ಬೇಸರವಿಲ್ಲ —

ತಾಳಿ.

ತಾಳಿ, ನಾನಿನ್ನೂ ಬಡಿದಿಲ್ಲ.

ಬಾಗಿಲು ತೆರೆಯಿತು. ಏಪ್ರನ್ ಹಾಕಿಕೊಂಡು, ಕೈಯಲ್ಲಿ ನೀರಿನ ಲೋಟಗಳ ಟ್ರೇ ಹಿಡಿದು — ವಕೀಲಮ್ಮ. ನಿಧಾನ ಕಣಮ್ಮ, ಅಲ್ಲಿ ಮೈಕಿನ ವೈರ್ ಇದೆ. ಅವಳ ಹಿಂದೆ ಉಳಿದ ಮಕ್ಕಳೂ ಬರುತ್ತಿದ್ದಾರೆ. ಹೆಗಲ ಮೇಲೆ ಟವೆಲ್ ಹಾಕಿಕೊಂಡಿದ್ದಾರೆ ನೋಡಿ, ಎಲ್ಲರೂ.

ಮೂರನೇ ಸಾಲಿಗೆ ಹೋದಳು. ಸ್ವಾಮಿ, ನಿಮಗೇ. ಲೋಟ ಚಾಚಿ "ಅಪ್ಪಾ" ಅಂದಳು. ಅವಳನ್ನು ಆಮೇಲೆ ಬಯ್ಯುವಿರಂತೆ, ಮೊದಲು ನೀರು ತಗೊಳ್ಳಿ.

— ತಗೊಂಡರು.

ದೊಡ್ಡಣ್ಣ, ಸೋತೆ ಕಣೋ. ಒಂದು ತಿಂಗಳ ಸಂಬಳ ಅಂದಿದ್ದು ಸುಳ್ಳು. ಅತ್ತಿಗೆ, ನಾವು ಕಟ್ಟಿದ್ದು ಹತ್ತರ ಒಂದು ನೋಟು. ಇಗೋ, ಫೋಟೋದ ಮುಂದೆ ಇಡುತ್ತಿದ್ದೇನೆ. ಅದೂ ಹರಿದದ್ದು, ಅಂಟಿಸಿದ್ದೇನೆ.

ಈ ಮಕ್ಕಳು ನಿಂತೇ ಇದ್ದಾರೆ. ದೊಡ್ಡಣ್ಣನೂ ಬದುಕಿದಷ್ಟು ದಿನ ನಿಂತೇ ಇದ್ದ, ನಾವು ಕೂತು ಉಂಡೆವು. ಈಗ ಕೂತಿರುವವರೆಲ್ಲ ದಯವಿಟ್ಟು ಏಳಿ. ಲೋಟ ಕೈಯಲ್ಲಿದ್ದರೆ ಇರಲಿ. ಚಮಚ ಜೇಬಿಗೆ ಹಾಕಿಕೊಂಡೆ.

ಇನ್ನು ಯಾರೂ ಸದ್ದು ಮಾಡಬೇಡಿ.