ಅರ್ಜಿಯಲ್ಲಿದ್ದ ಸ್ಪಿನ್‌ಸ್ಟರ್

ವಿವಾಹ ನೋಂದಣಿ ಕಚೇರಿಯ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ, ಐವತ್ತು ದಾಟಿದ ಮದುಮಗಳು ತನ್ನ ಅರ್ಜಿಯನ್ನು ಅಣ್ಣನ ಮಗಳ ಮಡಿಲಿಗೆ ಎಸೆದಳು.

“ನನ್ನ ಹೆಸರಿನ ಮುಂದೆ ಸ್ಪಿನ್‌ಸ್ಟರ್ ಅಂತಿದೆಯಲ್ಲ, ಏನೇ ಅದು?”

“ಮದುವೆ ಆಗದೆ ಉಳಿದವಳು ಅಂತ, ಅತ್ತೆ.”

“ಇವತ್ತೂ ಅದನ್ನೇ ಹೇಳ್ಬೇಕಾ? ನಡಿ, ಮನೆಗೆ ಹೋಗೋಣ.”

“ಸ್ವಲ್ಪ ಇರಿ. ಹಿಂದೆ ಅದಕ್ಕೆ ನೂಲು ತೆಗೆಯೋಳು ಅಂತಷ್ಟೇ ಅರ್ಥ. ಕೊನೇಲಿ ‘ಸ್ಟರ್’ ಇದ್ರೆ ಆ ಕೆಲಸ ಮಾಡೋ ಹೆಂಗಸು ಅಂತ. ಬ್ರೂಸ್ಟರ್ ಅಂದ್ರೆ ಬಿಯರ್ ಮಾಡೋಳು, ವೆಬ್‌ಸ್ಟರ್ ಅಂದ್ರೆ ಬಟ್ಟೆ ನೇಯೋಳು.”

“ನಾನು ಮೂವತ್ತು ವರ್ಷದಿಂದ ನೇಯ್ತಿದ್ದೀನಲ್ಲೇ!”

“ಹಾಗಾದ್ರೆ ನೀವು ವೆಬ್‌ಸ್ಟರ್.”

“ಮದುವೆ ಆದ್ಮೇಲೂ?”

“ಮಗ್ಗ ಬಿಡೋವರೆಗೂ.”

“ನಾನ್ಯಾಕೆ ಬಿಡ್ಲಿ?”

ಮದುಮಗನನ್ನು ಆಗಲೇ ಒಳಗೆ ಕೂರಿಸಿದ್ದ ಗುಮಾಸ್ತ ಬಾಗಿಲಲ್ಲಿ ನಿಂತು ಮದುಮಗಳನ್ನು ಕೂಗಿದ.

“ಪೆನ್ ಕೊಡೇ, ಸಹಿ ಹಾಕ್ತೀನಿ. ಪಾಪ, ಅವರು ಒಳಗೆ ಒಬ್ಬರೇ ಕೂತು ಬೆವರ್ತಿರ್ತಾರೆ.”

ಇಬ್ಬರೂ ನಗುತ್ತಾ ಒಳಗೆ ಹೋದರು.