ಗುಡ್ಡದ ಮೇಲಿನ ಆಂಪ್ಲಿಫೈಯರ್ ಕಳವಾಗಿಲ್ಲ ಎಂಬ ಬಗ್ಗೆ

ನಾನು ಈ ಕೆಳಗೆ ಸಹಿ ಮಾಡಿದವಳು, ವಯಸ್ಸು 43, ಆಂಬುಲೆನ್ಸ್ ಸೇವೆಯಲ್ಲಿ ಹಿರಿಯ ವೈರ್‌ಲೆಸ್ ತಂತ್ರಜ್ಞೆ, ವಾಸ ಇಲಾಖೆಯ ವಸತಿಗೃಹ, ಎರಡನೇ ಮಹಡಿ. ಕೆಲಸದಲ್ಲಿ ಎಲ್ಲರೂ ನನ್ನನ್ನು ಮೀಟರ್ ಅಕ್ಕ ಎನ್ನುತ್ತಾರೆ. ಯಾರೂ ಕರೆಯದೆ ಇಂದು ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ಗುಡ್ಡದ ಮೇಲಿನ ಕೋಣೆಯಲ್ಲಿ ನಮ್ಮ ರಿಪೀಟರ್ ಇದೆ. ಅದು ಒಂದು ಆಂಬುಲೆನ್ಸಿನ ಮಾತನ್ನು ಹಿಡಿದು, ಬಲಪಡಿಸಿ, ದೂರದ ಇನ್ನೊಂದಕ್ಕೆ ಮುಟ್ಟಿಸುತ್ತದೆ. ಬಲ ಕೊಡುವುದು ಆಂಪ್ಲಿಫೈಯರ್. ಐವತ್ತು ವ್ಯಾಟ್ ಕೊಡಬೇಕಾದದ್ದು ಇಪ್ಪತ್ತೆಂಟು ಕೊಡುತ್ತಿತ್ತು. ಆಂಪ್ಲಿಫೈಯರಿಗೂ ಆಂಟೆನಾಗೂ ಇಂಪೀಡೆನ್ಸ್, ಅಂದರೆ ವಿದ್ಯುತ್ ಹರಿವಿಗಿರುವ ತಡೆ, ಹೊಂದದಿದ್ದರೆ ಶಕ್ತಿ ಮೇಲೆ ಹೋಗದೆ ಹಿಂದಕ್ಕೆ ಬಂದು ಯಂತ್ರವನ್ನೇ ಬಿಸಿ ಮಾಡುತ್ತದೆ. ಅದನ್ನು ಸರಿಪಡಿಸಲು ಸೋಮವಾರ ಬೆಳಿಗ್ಗೆ 10.15ಕ್ಕೆ ಒಬ್ಬಳೇ ಹೋಗಿದ್ದೆ.

11.20ರ ಹೊತ್ತಿಗೆ ಟ್ಯೂನ್ ಮಾಡಿ ನಲವತ್ತಾರು ವ್ಯಾಟಿಗೆ ತಂದಿದ್ದೆ. ಇನ್ನೊಮ್ಮೆ ಅಳೆಯೋಣವೆಂದು ಆಂಟೆನಾ ಕೇಬಲ್ ಬಿಚ್ಚಿದೆ. ಅದರ ಜಾಗಕ್ಕೆ ಡಮ್ಮಿ ಲೋಡ್, ಅಂದರೆ ಶಕ್ತಿಯನ್ನು ಹೀರಿಕೊಳ್ಳುವ ಡಬ್ಬಿ, ಹಾಕಬೇಕು. ಅಷ್ಟರಲ್ಲಿ ತಂಗಿಯ ಫೋನ್ ಬಂತು. ಪರದೆಯ ಬಟ್ಟೆ ಹಸಿರು ತರಲೋ ನೀಲಿ ತರಲೋ ಎಂದು ಕೇಳಿದಳು. ನೀಲಿ ಎಂದು ಫೋನ್ ಇಟ್ಟು, ಡಬ್ಬಿ ಹಾಕದೆಯೇ ಟ್ರಾನ್ಸ್‌ಮಿಟ್ ಗುಂಡಿ ಒತ್ತಿದೆ. ಸುಟ್ಟ ವಾಸನೆ ಬಂತು. ಮೀಟರಿನ ಮುಳ್ಳು ಸೊನ್ನೆಗೆ ಬಿತ್ತು.

ಇದನ್ನು ರಿಜಿಸ್ಟರಿನಲ್ಲಿ ಬರೆದು ಮೇಲ್ವಿಚಾರಕರಿಗೆ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೂರು ವಾರದ ಹಿಂದೆ ಇದೇ ತಪ್ಪು ಮಾಡಿದ್ದ ಕಿರಿಯ ತಂತ್ರಜ್ಞೆಯನ್ನು ನಾನು ಎಂಟು ಜನರ ಮುಂದೆ ನಿಲ್ಲಿಸಿ, ಕೈಯಲ್ಲಿ ಕೆಲಸ, ತಲೆಯಲ್ಲಿ ಸಂತೆ ಎಂದು ಆಡಿಕೊಂಡಿದ್ದೆ. ಎಲ್ಲರೂ ನಕ್ಕಿದ್ದರು. ಅವಳು ಅತ್ತಿದ್ದಳು.

ಹಳೆಯ ಹತ್ತು ವ್ಯಾಟಿನ ಆಂಪ್ಲಿಫೈಯರ್ ಜೋಡಿಸಿ, ಸುಟ್ಟದ್ದನ್ನು ಬ್ಯಾಗಿಗೆ ಹಾಕಿದೆ. ಮನೆಯಲ್ಲಿ ಗುಟ್ಟಾಗಿ ರಿಪೇರಿ ಮಾಡಿ ತಂದಿಡುವ ಯೋಚನೆ ಇತ್ತು. ತೂಕ ನಾಲ್ಕೂವರೆ ಕಿಲೋ. ಹೊರಡುವಾಗ ಆ ಕೋಣೆಯ ಕಾವಲುಗಾರರು, ವಯಸ್ಸು 58, ಬ್ಯಾಗ್ ತಾವೇ ತರುವುದಾಗಿ ಹೇಳಿ ಹೆಗಲಿಗೆ ಹಾಕಿಕೊಂಡರು. ಬೇಡವೆನ್ನಲಿಲ್ಲ. ಕೆಳಗಿನ ಗೇಟಿಗೆ 312 ಮೆಟ್ಟಿಲು. ನಾನು ಒಂದು ತಿರುವಿನಷ್ಟು ಹಿಂದೆ ಇದ್ದೆ. ಬೇಕೆಂದೇ ಹಿಂದೆ ಉಳಿದಿರಾ ಎಂದು ಅಧಿಕಾರಿಗಳು ಈಗ ಕೇಳಿದರು. ಹೌದು.

ಬುಧವಾರ ಒಬ್ಬ ಚಾಲಕರು ಹದಿನಾಲ್ಕನೇ ಕಿಲೋಮೀಟರಿನಾಚೆ ಮಾತು ಕೇಳಿಸುತ್ತಿಲ್ಲವೆಂದೂ, ರೋಗಿಯನ್ನು ಕರೆತರಲು ಹನ್ನೊಂದು ನಿಮಿಷ ತಡವಾಯಿತೆಂದೂ ದೂರಿದರು. ರೋಗಿಗೆ ತೊಂದರೆಯಾಗಿಲ್ಲ. ನಿಮ್ಮ ಸೆಟ್ಟೇ ಕೆಟ್ಟಿದೆ ಎಂದು ಅವರ ಬಾಯಿ ಮುಚ್ಚಿಸಿದೆ.

ಗುರುವಾರ ಮೇಲ್ವಿಚಾರಕರು ತಪಾಸಣೆಗೆ ಹೋಗಿ, ಐವತ್ತು ವ್ಯಾಟಿನ ಆಂಪ್ಲಿಫೈಯರ್ ಕಾಣದೆ ಕಳವಿನ ದೂರು ಕೊಟ್ಟರು. ಕೆಳಗಿನ ಅಂಗಡಿಯವರು, ಸೋಮವಾರ ಕಾವಲುಗಾರರು ಭಾರದ ಬ್ಯಾಗ್ ಹೊತ್ತು ಇಳಿದದ್ದನ್ನು ನೋಡಿದ್ದಾಗಿ ಹೇಳಿದರು. ಶುಕ್ರವಾರ ಈ ಠಾಣೆಯಲ್ಲಿ ನನ್ನನ್ನೂ ಕೇಳಲಾಯಿತು. ಕೋಣೆಯ ಬೀಗದ ಕೈ ಕಾವಲುಗಾರರ ಬಳಿ ಇರುತ್ತದೆ, ಸೋಮವಾರದ ನಂತರ ನಾನು ಮೇಲೆ ಹೋಗಿಲ್ಲ, ಎಂದು ಹೇಳಿಕೆ ಕೊಟ್ಟೆ.

ಇಂದು ಶನಿವಾರ ಮಧ್ಯಾಹ್ನ 3.30ಕ್ಕೆ ಕಾವಲುಗಾರರ ಹೆಂಡತಿ ನಮ್ಮ ಮನೆಗೆ ಬಂದು ಮಂಚದ ತುದಿಯಲ್ಲಿ ಕುಳಿತರು. ಮಂಚದ ಕೆಳಗಿನ ಸೂಟ್‌ಕೇಸಿನಲ್ಲಿ ಆಂಪ್ಲಿಫೈಯರ್ ಇತ್ತು. ಎರಡು ದಿನದಿಂದ ಗಂಡನನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಠಾಣೆಯ ಬೆಂಚಿನ ಮೇಲೆ ಕೂರಿಸುತ್ತಿದ್ದಾರೆ, ನನ್ನ ಮಾತಿಗೆ ಅಲ್ಲಿ ಬೆಲೆ ಇದೆ, ಒಂದು ಮಾತು ಹೇಳಬೇಕು ಎಂದು ಕೇಳಿಕೊಂಡರು. ಆಮೇಲೆ ದನಿ ತಗ್ಗಿಸಿ, "ಬ್ಯಾಗ್ ಯಾರದು ಅಂತ ಕೇಳಿದ್ರೆ ನಂದೇ ಅಂತಾರೆ ಅಕ್ಕಾ. ಅವರ ಹತ್ರ ಬ್ಯಾಗೇ ಇಲ್ಲ. ಯಾರನ್ನ ಕಾಪಾಡ್ತಿದಾರೋ ಗೊತ್ತಾಗ್ತಿಲ್ಲ," ಎಂದರು.

ನನಗೆ ಅವರ ಮುಖ ನೋಡಲಾಗಲಿಲ್ಲ. ಅವರೆದುರಿಗೇ ಸೂಟ್‌ಕೇಸ್ ಎಳೆದು ತೆರೆದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಸೆರಗು ಸರಿಪಡಿಸಿಕೊಂಡು ಎದ್ದು ಹೋದರು.

4.40ಕ್ಕೆ ಠಾಣೆಗೆ ಬಂದು ಆಂಪ್ಲಿಫೈಯರನ್ನು ಮೇಜಿನ ಮೇಲಿಟ್ಟು, ಕಾವಲುಗಾರರ ಎದುರಿನಲ್ಲೇ ಎಲ್ಲ ಹೇಳಿದೆ. ಮನೆಗೆ ಹೋಗಬಹುದೆಂದು ಅಧಿಕಾರಿಗಳು ಅವರಿಗೆ ತಿಳಿಸಿದರು. ನಾನು ಕ್ಷಮೆ ಕೇಳಿದೆ. ಅವರು ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಬಳಿ ನಿಂತು, "ನಿನ್ನೆ ಈ ಬೆಂಚಿನ ಮುಂದೇನೇ ಹೋದ್ರಲ್ಲ, ಮೇಡಂ. ನಾನು ಎದ್ದು ನಿಂತು ನಮಸ್ಕಾರ ಅಂದೆ," ಎಂದರು. ಅಲ್ಲಿಯವರೆಗೆ ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು.

ಶುಕ್ರವಾರದ ಹೇಳಿಕೆಯಲ್ಲಿ ನಾನು ಆಡಿದ ಒಂದೊಂದು ಮಾತೂ ನಿಜ. ಆದರೂ ಆ ಹೇಳಿಕೆ ಸುಳ್ಳು. ಅದನ್ನು ರದ್ದುಪಡಿಸಬೇಕೆಂದು ಕೋರುತ್ತೇನೆ. ಇದನ್ನು ನನಗೆ ಓದಿ ಹೇಳಲಾಗಿದೆ. ನಾನು ಹೇಳಿದಂತೆಯೇ ಇದೆ, ಈ ಬಾರಿ ಏನನ್ನೂ ಬಿಟ್ಟಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನ: ಶನಿವಾರ, ಸಂಜೆ 6.10
ಸಹಿ: (ಹಿರಿಯ ವೈರ್‌ಲೆಸ್ ತಂತ್ರಜ್ಞೆ)